ದತ್ತು ಹೋದವರು ದುಡಿಯಲು ತಾಯ್ನೆಲಕ್ಕೆ ಮರಳುವಾಗ: ವೀಸಾ, ಓಸಿಐ ಮತ್ತು ಹಳೆಯ ಕಾಗದಗಳು



ಹಸುಗೂಸುಗಳಾಗಿದ್ದಾಗ ನಮ್ಮ ದೇಶದಿಂದ ದತ್ತು ಹೋದ ಎಷ್ಟೋ ಮಕ್ಕಳು ಸ್ವೀಡನ್, ಡೆನ್ಮಾರ್ಕ್, ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿ, ಇಟಲಿ, ಅಮೆರಿಕ ಮೊದಲಾದ ಕಡೆ ಬೆಳೆದು ಈಗ ಮೂವತ್ತು, ನಲವತ್ತು, ಐವತ್ತರ ವಯಸ್ಸಿಗೆ ಬಂದಿದ್ದಾರೆ. ಇವರಲ್ಲಿ ಕೆಲವರು ಹುಟ್ಟಿದ ಊರನ್ನು ಒಮ್ಮೆ ನೋಡಿ ಹೋಗಲು ಬರುತ್ತಾರೆ. ಇನ್ನು ಕೆಲವರಿಗೆ ಇಲ್ಲೇ ಕೆಲವು ವರ್ಷ ನೆಲೆಸಿ, ಒಂದು ಕೆಲಸ ಹಿಡಿದು, ಇಲ್ಲಿಯವರ ಜತೆ ಬಾಳಬೇಕೆಂಬ ಆಸೆ. ಈ ಎರಡನೆಯವರಿಗೆ ಎದುರಾಗುವ ಮೊದಲ ಪ್ರಶ್ನೆ ವೀಸಾದ್ದು. ಅವರು ಮೊದಲು ಕೇಳುವುದು ಪರಿಚಯದ ಮನೆಯವರನ್ನು, ಕನ್ನಡ ಸಂಘದವರನ್ನು. ಆಗ ನಮ್ಮ ಸದಸ್ಯರು ತಿಳಿದಷ್ಟನ್ನು ಸರಿಯಾಗಿ ಹೇಳಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿಗೆ ಬಂದು ದುಡಿಯಲು ಹೆತ್ತ ತಾಯಿಯ ಹೆಸರು ಗೊತ್ತಿರಬೇಕಾಗಿಲ್ಲ. ಅನೇಕರು ಮೊದಲು ಹೆತ್ತವರನ್ನು ಪತ್ತೆ ಮಾಡಬೇಕು, ಆಮೇಲೆ ತಾನು ಭಾರತ ಮೂಲದವನೆಂದು ತೋರಿಸಬೇಕು ಎಂದುಕೊಂಡು ವರ್ಷಗಟ್ಟಲೆ ಕಾಯುತ್ತಾರೆ. ಕಾನೂನು ಅದನ್ನು ಕೇಳುವುದಿಲ್ಲ. ಅದು ಕೇಳುವುದು ಒಂದೇ: ನೀವು ಎಂದಾದರೂ ಭಾರತದ ಪ್ರಜೆಯಾಗಿದ್ದಿರಾ? ಅದಕ್ಕೆ ಉತ್ತರ ಹೆಚ್ಚಿನವರ ಮನೆಯ ಹಳೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಆ ಮಗು ವಿಮಾನ ಹತ್ತುವಾಗ ಅದರ ಹೆಸರಿನಲ್ಲಿ ಮಾಡಿಸಿದ್ದ ಭಾರತೀಯ ಪಾಸ್‌ಪೋರ್ಟೇ ಆ ಉತ್ತರ.

ಹಿನ್ನೆಲೆ

ದತ್ತು ಹೋದ ಕಾಲ ಯಾವುದು ಎಂಬುದರ ಮೇಲೆ ಕೈಯಲ್ಲಿರುವ ಕಾಗದಗಳು ಬೇರೆ ಬೇರೆಯಾಗಿರುತ್ತವೆ. ಆದ್ದರಿಂದ ಇದನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ವಿದೇಶಿ ದಂಪತಿಗಳು ಸಾಮಾನ್ಯವಾಗಿ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತಿದ್ದರು. ನ್ಯಾಯಾಲಯ ಅವರನ್ನು ಮಗುವಿನ ಪಾಲಕರೆಂದು ನೇಮಿಸಿ, ಮಗುವನ್ನು ಹೊರದೇಶಕ್ಕೆ ಕರೆದೊಯ್ಯಲು ಅನುಮತಿ ಕೊಡುತ್ತಿತ್ತು. ದತ್ತು ಪೂರ್ಣವಾಗುತ್ತಿದ್ದುದು ಆ ದೇಶದ ನ್ಯಾಯಾಲಯದಲ್ಲಿ. ಹೀಗಾಗಿ ಹಳಬರ ಬಳಿ ಇರುವ ಭಾರತದ ಆದೇಶದಲ್ಲಿ ದತ್ತು ಎಂಬ ಪದವೇ ಇಲ್ಲದಿರಬಹುದು. ಅದನ್ನು ನೋಡಿ ಗಾಬರಿಯಾಗಬೇಕಾಗಿಲ್ಲ. ಅಂದಿನ ಕ್ರಮವೇ ಹಾಗಿತ್ತು.

ವಕೀಲ ಲಕ್ಷ್ಮೀಕಾಂತ ಪಾಂಡೆ ಅವರು ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ ಸುಪ್ರೀಂ ಕೋರ್ಟು 1984ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಬರೆದ ಆ ತೀರ್ಪಿನ ನಂತರ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ವಿದೇಶಿ ದತ್ತು ನಡೆಯಬೇಕೆಂಬ ಕಟ್ಟುಪಾಡು ಬಂತು. 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರೂ ಕಾರಾ ಎಂದು ಕರೆಯುವ ಸಂಸ್ಥೆ ಆರಂಭವಾಯಿತು. ಹೇಗ್ ದತ್ತು ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. 2015ರ ಬಾಲನ್ಯಾಯ ಕಾಯ್ದೆ ಕಾರಾಕ್ಕೆ ಶಾಸನಬದ್ಧ ಸ್ಥಾನ ಕೊಟ್ಟಿತು. ಒಟ್ಟಿನಲ್ಲಿ 1984ಕ್ಕೆ ಮೊದಲು ಹೋದವರ ಕಡತ ತೆಳು, ಆಮೇಲೆ ಹೋದವರದು ಸ್ವಲ್ಪ ದಪ್ಪ.

ಮೊದಲು ತಿಳಿಯಬೇಕಾದದ್ದು: ಈಗ ಯಾವ ದೇಶದ ಪ್ರಜೆ?

ಇದು ತಮಾಷೆಯ ಪ್ರಶ್ನೆಯಲ್ಲ. ದತ್ತು ಹೋದ ಮಾತ್ರಕ್ಕೆ ಆ ದೇಶದ ಪೌರತ್ವ ತಾನಾಗಿ ಬಂದಿರುತ್ತದೆ ಎಂದು ಹೇಳಲಾಗದು. ಅಮೆರಿಕದಲ್ಲಿ 2000ನೇ ಇಸವಿಯ ಮಕ್ಕಳ ಪೌರತ್ವ ಕಾಯ್ದೆ ಜಾರಿಗೆ ಬಂದದ್ದು 2001ರ ಫೆಬ್ರುವರಿ 27ರಂದು. ಆ ದಿನಕ್ಕೆ 18 ವರ್ಷ ತುಂಬಿದ್ದವರಿಗೆ ಅದು ತಾನಾಗಿ ಅನ್ವಯಿಸಲಿಲ್ಲ. ಸಾಕಿದ ತಂದೆ ತಾಯಿ ಪ್ರತ್ಯೇಕ ಅರ್ಜಿ ಹಾಕಿ ಪೌರತ್ವ ಮಾಡಿಸಿರದಿದ್ದರೆ, ಅಲ್ಲೇ ಬೆಳೆದು, ಅಲ್ಲೇ ಓದಿ, ತೆರಿಗೆ ಕಟ್ಟುತ್ತಿದ್ದರೂ ಅವರು ಅಮೆರಿಕದ ಪ್ರಜೆಗಳಲ್ಲದೆ ಉಳಿದಿರಬಹುದು. ಅಂಥವರು ದೇಶ ಬಿಟ್ಟು ಹೊರಟರೆ ಮರಳಿ ಹೋಗಲು ತೊಂದರೆಯಾಗಬಹುದು. ಓಸಿಐ ಕೂಡ ಬೇರೆ ದೇಶದ ಪ್ರಜೆಯಾದವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಅಮೆರಿಕದಿಂದ ಯಾರಾದರೂ ಕೇಳಿದರೆ ನಾವು ಹೇಳಬೇಕಾದ ಮೊದಲ ಮಾತು: ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆಯೇ? ಇಲ್ಲದಿದ್ದರೆ ಟಿಕೆಟ್ ಕೊಳ್ಳುವ ಮೊದಲು ಅಲ್ಲಿಯ ವಲಸೆ ವಕೀಲರನ್ನು ಕಾಣಿರಿ.

ಇರುವ ದಾರಿಗಳು

ಭಾರತದಲ್ಲಿ ದತ್ತು ಹೋದವರಿಗೆಂದೇ ಪ್ರತ್ಯೇಕ ವೀಸಾ ಇಲ್ಲ. ಇರುವ ದಾರಿಗಳು ನಾಲ್ಕು.

1. ಪ್ರವಾಸಿ ವೀಸಾ. ಇ-ವೀಸಾ ರೂಪದಲ್ಲಿ 1 ತಿಂಗಳು, 1 ವರ್ಷ, 5 ವರ್ಷಗಳ ಅವಧಿಗೆ ಸಿಗುತ್ತದೆ. ನೋಡಿ ಹೋಗಲು ಸಾಕು. ಇದರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಇದರಲ್ಲಿ ಬಂದು, ಇಲ್ಲೇ ಕೆಲಸ ಹುಡುಕಿ, ಇದನ್ನೇ ಉದ್ಯೋಗ ವೀಸಾ ಮಾಡಿಸಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರ ನಡೆಯುವುದಿಲ್ಲ.

2. ಎಂಟ್ರಿ ವೀಸಾ. ಭಾರತ ಮೂಲದವರಿಗೂ ಅವರ ಪತಿ, ಪತ್ನಿ, ಮಕ್ಕಳಿಗೂ ಕೊಡುವ ವೀಸಾ ಇದು. 5 ವರ್ಷದವರೆಗೂ ಸಿಗಬಹುದು. ಹೆಚ್ಚು ದಿನ ಉಳಿಯಬಹುದು, ಭಾಷೆ ಕಲಿಯಬಹುದು, ಊರೂರು ಸುತ್ತಬಹುದು. ಆದರೆ ಇದರಲ್ಲೂ ಉದ್ಯೋಗಕ್ಕೆ ಅವಕಾಶವಿಲ್ಲ.

3. ಉದ್ಯೋಗ ವೀಸಾ. ಇದು ಯಾವ ವಿದೇಶಿಗೂ ಇರುವ ದಾರಿ. ಇಲ್ಲಿಯ ಸಂಸ್ಥೆಯೊಂದು ಮೊದಲು ನೇಮಕ ಮಾಡಿಕೊಳ್ಳಬೇಕು, ವೀಸಾ ಆ ಸಂಸ್ಥೆಯ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಸಂಬಳ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚಿರಬೇಕು. ಭಾಷಾ ಶಿಕ್ಷಕರು, ಅನುವಾದಕರು, ವಿದೇಶಿ ಅಡುಗೆಯ ಬಾಣಸಿಗರು ಮೊದಲಾದ ಕೆಲವರಿಗೆ ಈ ಮಿತಿಯಿಂದ ವಿನಾಯಿತಿ ಇದೆ. ನೋಂದಾಯಿತ ಸ್ವಯಂಸೇವಾ ಸಂಸ್ಥೆಯಲ್ಲಿ ಗೌರವ ಸೇವೆ ಮಾಡಬಯಸುವವರಿಗೂ ಈ ವೀಸಾವೇ ಬೇಕು, ಅದರ ಮೇಲೆ ಸಂಸ್ಥೆಯ ಹೆಸರು ನಮೂದಾಗುತ್ತದೆ. ನಮ್ಮ ಗಡಿ ಊರುಗಳ ಶಾಲೆ, ಆಸ್ಪತ್ರೆ, ಸಣ್ಣ ಕಾರ್ಖಾನೆಗಳು ಕೊಡುವ ಸಂಬಳ ಎಷ್ಟೆಂದು ನಿಮಗೆ ಗೊತ್ತು. 16 ಲಕ್ಷದ ಮಿತಿ ದಾಟುವುದು ಬೆಂಗಳೂರು, ಹೈದರಾಬಾದ್, ಪುಣೆಯ ದೊಡ್ಡ ಕಂಪನಿಗಳಲ್ಲೇ.

4. ಓಸಿಐ. ಪೂರ್ಣ ಹೆಸರು ಸಾಗರೋತ್ತರ ಭಾರತೀಯ ಪೌರ ಕಾರ್ಡು. ಹೆಸರಿನಲ್ಲಿ ಪೌರ ಎಂದಿದ್ದರೂ ಇದು ಪೌರತ್ವವಲ್ಲ. ಜೀವನಪರ್ಯಂತ ಎಷ್ಟು ಸಲ ಬೇಕಾದರೂ ಬಂದು ಹೋಗುವ, ಎಷ್ಟು ದಿನ ಬೇಕಾದರೂ ಇರುವ, ಬೇರೆ ಪರವಾನಗಿ ಇಲ್ಲದೆ ಖಾಸಗಿ ಕೆಲಸ ಮಾಡುವ ಹಕ್ಕು. ಸಂಬಳದ ಮಿತಿ ಇಲ್ಲ. ಕೆಲಸ ಬದಲಾಯಿಸಲು ಹೊಸ ಪರವಾನಗಿ ಬೇಕಿಲ್ಲ. ದತ್ತು ಹೋದವರಿಗೆ ನಿಜಕ್ಕೂ ಹೊಂದುವ ದಾರಿ ಇದೇ.

ಹಿಂದೆ ಪಿಐಒ ಎಂಬ ಇನ್ನೊಂದು ಕಾರ್ಡು ಇತ್ತು. ಆ ಯೋಜನೆಯನ್ನು 2015ರ ಜನವರಿ 9ರಂದು ಓಸಿಐಯಲ್ಲಿ ಸೇರಿಸಲಾಯಿತು. ಹಳೆಯ ಪಿಐಒ ಕಾರ್ಡು ಇಟ್ಟುಕೊಂಡವರು ಪ್ರಯಾಣಕ್ಕೆ ಮೊದಲು ಓಸಿಐ ಕಾರ್ಡು ಮಾಡಿಸಿಕೊಳ್ಳಬೇಕು.

ಓಸಿಐ ಯಾರಿಗೆ ಸಿಗುತ್ತದೆ

1955ರ ಪೌರತ್ವ ಕಾಯ್ದೆಯ 7ಎ ಕಲಮು ಇದನ್ನು ಹೇಳುತ್ತದೆ. ಸಂವಿಧಾನ ಜಾರಿಗೆ ಬಂದಂದು, ಅಂದರೆ 1950ರ ಜನವರಿ 26ರಂದು ಅಥವಾ ಆನಂತರ ಎಂದಾದರೂ ಭಾರತದ ಪ್ರಜೆಯಾಗಿದ್ದು ಈಗ ಬೇರೆ ದೇಶದ ಪ್ರಜೆಯಾಗಿರುವವರು ಅರ್ಹರು. ಅಂಥವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅರ್ಹರು. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿದ್ದರೆ ವಿದೇಶಿ ಪತಿ ಅಥವಾ ಪತ್ನಿಯೂ ಅರ್ಹರು. 1947ರ ಆಗಸ್ಟ್ 15ರ ನಂತರ ಭಾರತಕ್ಕೆ ಸೇರಿದ ಪ್ರದೇಶಕ್ಕೆ ಸೇರಿದವರನ್ನೂ ಇದೇ ಕಲಮು ಒಳಗೊಳ್ಳುತ್ತದೆ. ಗೋವಾದ ಸದಸ್ಯರು ಇದನ್ನು ಗಮನಿಸಬೇಕು.

ಇನ್ನು ಹುಟ್ಟಿನಿಂದ ಪೌರತ್ವದ ಮಾತು. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟು, ಹೆತ್ತವರು ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತದ ಪ್ರಜೆಗಳು. ತಾಯಿ ತಿಳಿಯದು, ತಂದೆ ತಿಳಿಯದು ಎಂದು ಕಡತದಲ್ಲಿ ಬರೆದಿದ್ದರೂ ಅಡ್ಡಿಯಿಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂಬ ಷರತ್ತು ಬಂತು. 2004ರ ಡಿಸೆಂಬರ್ 3ರಿಂದ ಅದು ಇನ್ನೂ ಬಿಗಿಯಾಯಿತು. ಹೆತ್ತವರ ಗುರುತಿಲ್ಲದವರು 1987ರ ನಂತರ ಹುಟ್ಟಿದ್ದರೆ ಅವರಿಗೆ ಆಗ ಕೊಟ್ಟಿದ್ದ ಭಾರತೀಯ ಪಾಸ್‌ಪೋರ್ಟೇ ದೊಡ್ಡ ಆಧಾರ. ಭಾರತ ಸರ್ಕಾರವೇ ಆ ಮಗುವನ್ನು ತನ್ನ ಪ್ರಜೆಯೆಂದು ಒಪ್ಪಿ ಕೊಟ್ಟ ಪುಸ್ತಕ ಅದು.

ಒಂದು ಊಹೆಯ ಉದಾಹರಣೆ ನೋಡೋಣ. 1979ರಲ್ಲಿ ಹೊಸೂರು ಕಡೆ ಹುಟ್ಟಿದ ಹೆಣ್ಣು ಮಗು. ಬೆಂಗಳೂರಿನ ಒಂದು ಶಿಶುಗೃಹದಲ್ಲಿ ಬೆಳೆದು, 1980ರಲ್ಲಿ ಅಲ್ಲಿಯ ನ್ಯಾಯಾಲಯದ ಪಾಲಕತ್ವ ಆದೇಶದ ಮೇಲೆ ಬೆಲ್ಜಿಯಂಗೆ ಹೋಯಿತು. ಪಾಸ್‌ಪೋರ್ಟಿನಲ್ಲಿ ಶಿಶುಗೃಹದವರು ಇಟ್ಟ ಹೆಸರು. ಬೆಲ್ಜಿಯಂನಲ್ಲಿ ದತ್ತು ಆದೇಶವಾಗಿ ಹೊಸ ಹೆಸರು, ಹೊಸ ಮನೆತನದ ಹೆಸರು ಬಂತು. ಈಗ ಆಕೆ ಓಸಿಐ ಕೇಳಿದರೆ ತೋರಿಸಬೇಕಾದದ್ದು ಮೂರೇ ಕೊಂಡಿ: ಹಳೆಯ ಭಾರತೀಯ ಪಾಸ್‌ಪೋರ್ಟ್, ಆ ಹೆಸರಿನವಳೇ ಈ ಹೆಸರಿನವಳು ಎಂದು ಹೇಳುವ ದತ್ತು ಆದೇಶ, ಈಗಿನ ಬೆಲ್ಜಿಯಂ ಪಾಸ್‌ಪೋರ್ಟ್. ಹೆತ್ತವಳ ಹೆಸರು ಈ ಸರಪಳಿಯಲ್ಲಿ ಎಲ್ಲೂ ಇಲ್ಲ.

18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಸಾಕಿದವರ ಸಹಿ ಬೇಕಿಲ್ಲ. ಮಗುವಿನ ಆಧಾರದ ಮೇಲೆ ಸಾಕಿದ ತಂದೆ ತಾಯಿಗೆ ಓಸಿಐ ಸಿಗುವುದಿಲ್ಲ. ಆದರೆ ದತ್ತು ಹೋದವರ ಹೊಟ್ಟೆಯಲ್ಲಿ ಅಲ್ಲಿ ಹುಟ್ಟಿದ ಮಕ್ಕಳಿಗೆ ಸಿಗುತ್ತದೆ. ವಿದೇಶಿ ಸೇನೆಯಲ್ಲಿ ಇರುವವರಿಗೂ ಅಲ್ಲಿಂದ ನಿವೃತ್ತರಾದವರಿಗೂ ಓಸಿಐ ಕೊಡುವುದಿಲ್ಲ ಎಂಬ ನಿಯಮವಿದೆ. ಅಂಥ ಹಿನ್ನೆಲೆ ಇರುವವರು ಹಣ ಕಟ್ಟುವ ಮೊದಲೇ ಭಾರತದ ದೂತಾವಾಸದಲ್ಲಿ ವಿಚಾರಿಸಬೇಕು.

ಅರ್ಜಿ ಮತ್ತು ಕಾಗದಗಳು

ಅರ್ಜಿಯನ್ನು ಸರ್ಕಾರದ ಓಸಿಐ ಸೇವೆಗಳ ಜಾಲತಾಣದಲ್ಲಿ ತುಂಬಿ, ತಾವಿರುವ ದೇಶದ ಭಾರತೀಯ ದೂತಾವಾಸಕ್ಕೆ ಸಲ್ಲಿಸಬೇಕು. ಹೊರದೇಶದಲ್ಲಿ ಶುಲ್ಕ 275 ಡಾಲರ್, ಭಾರತದಲ್ಲಿ 15,000 ರೂಪಾಯಿ. ತಮ್ಮ ದೇಶದಲ್ಲಿದ್ದಾಗಲೇ ಮಾಡಿಸಿಕೊಂಡು ಬರುವುದು ಲೇಸು. ಬೇಕಾಗುವ ಕಾಗದಗಳು ಇವು:

• ಈಗಿನ ವಿದೇಶಿ ಪಾಸ್‌ಪೋರ್ಟ್.
• ಆ ದೇಶದ ಪೌರತ್ವ ಸಿಕ್ಕಿದ ಪ್ರಮಾಣಪತ್ರ.
• ಹಳೆಯ ಭಾರತೀಯ ಪಾಸ್‌ಪೋರ್ಟ್. ಅವಧಿ ಮುಗಿದು ನಲವತ್ತು ವರ್ಷವಾಗಿದ್ದರೂ ಬೇಕು.
• ಆ ಪಾಸ್‌ಪೋರ್ಟನ್ನು ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ. ಬೇರೆ ದೇಶದ ಪೌರತ್ವ ಬಂದ ಮೇಲೆ ಭಾರತೀಯ ಪಾಸ್‌ಪೋರ್ಟನ್ನು ದೂತಾವಾಸಕ್ಕೆ ಒಪ್ಪಿಸಿ ರದ್ದು ಮಾಡಿಸಬೇಕು. ಇದನ್ನು ಮಾಡಿಸದವರು ಓಸಿಐ ಅರ್ಜಿಗೆ ಮೊದಲು ಮಾಡಿಸಿಕೊಳ್ಳಬೇಕು. 2010ರ ಜೂನ್ 1ಕ್ಕೆ ಮೊದಲು ವಿದೇಶಿ ಪೌರತ್ವ ಪಡೆದವರಿಗೂ ನಂತರ ಪಡೆದವರಿಗೂ ಶುಲ್ಕ ಬೇರೆ ಬೇರೆ.
• ಭಾರತದ ನ್ಯಾಯಾಲಯದ ಪಾಲಕತ್ವ ಅಥವಾ ದತ್ತು ಆದೇಶ, ಮತ್ತು ಆ ದೇಶದ ದತ್ತು ಆದೇಶ.
• ಹೆಸರು ಬದಲಾದದ್ದನ್ನು ತೋರಿಸುವ ಪ್ರತಿ ಕಾಗದ. ಮದುವೆಯಿಂದ ಬದಲಾಗಿದ್ದರೆ ಅದೂ ಸೇರಿ.

ಪಾಸ್‌ಪೋರ್ಟ್ ಕಳೆದುಹೋಗಿದ್ದರೆ ದಾರಿ ಮುಚ್ಚಿತು ಎಂದಲ್ಲ. ನಿವಾಸ ಅಥವಾ ನೇಟಿವಿಟಿ ಪ್ರಮಾಣಪತ್ರವನ್ನಾಗಲಿ, ಭಾರತದ ಪ್ರಜೆಯಾಗಿದ್ದುದಕ್ಕೆ ಬೇರೆ ದಾಖಲೆಯನ್ನಾಗಲಿ ಹಾಜರುಪಡಿಸಬಹುದು. ಆಗ ನ್ಯಾಯಾಲಯದ ಕಡತ ಮುಖ್ಯವಾಗುತ್ತದೆ. ನಕಲು ವಿಭಾಗದಲ್ಲಿ ದೃಢೀಕೃತ ಪ್ರತಿ ಕೇಳಲು ಪ್ರಕರಣದ ಸಂಖ್ಯೆ ಮತ್ತು ವರ್ಷ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಅದಿಲ್ಲದೆ ಹೋದರೆ ಯಾವ ಗುಮಾಸ್ತನೂ ರಾಶಿಯ ಮುಂದೆ ನಿಂತು ಏನೂ ಮಾಡಲಾರ. ಸಾಕಿದ ತಂದೆ ತಾಯಿ ಬದುಕಿರುವಾಗಲೇ ಅವರ ಕಪಾಟು, ಪೆಟ್ಟಿಗೆ ನೋಡಿಸಿ ಎಂದು ನಾವು ಒತ್ತಿ ಹೇಳಬೇಕು.

ಗಡಿ ಊರಿನ ಹೆಸರುಗಳ ಗೊಂದಲ

ಹೊರಗಿನವರಿಗೆ ತಿಳಿಯದೆ ನಮಗೆ ಮಾತ್ರ ಚೆನ್ನಾಗಿ ತಿಳಿದಿರುವ ವಿಷಯ ಇದು. ಹಳೆಯ ಕಾಗದದಲ್ಲಿ ಬರೆದಿರುವ ಜಿಲ್ಲೆ ಇಂದು ಬೇರೆ ಹೆಸರಿನಲ್ಲಿ, ಬೇರೆ ಕಚೇರಿಯಲ್ಲಿ ಇರಬಹುದು. ಕಂಪ್ಯೂಟರಿನಲ್ಲಿ ಹುಡುಕಿದವರು ಹಾಗೊಂದು ಊರೇ ಅಲ್ಲಿಲ್ಲ ಎಂದು ಕೈಬಿಡುತ್ತಾರೆ. ಹಾಗಾಗಿ ಈ ಪಟ್ಟಿ:

• ಕಾಸರಗೋಡು: 1984ರ ಮೇ 24ರವರೆಗೆ ಪ್ರತ್ಯೇಕ ಜಿಲ್ಲೆಯಲ್ಲ, ಕಣ್ಣೂರು ಜಿಲ್ಲೆಯ ಭಾಗ. ಹಳೆಯ ಕಾಗದದಲ್ಲಿ ಕ್ಯಾನನೂರ್ ಎಂದಿರುತ್ತದೆ.
• ವಯನಾಡು: 1980ರ ನವೆಂಬರ್ 1ಕ್ಕೆ ಮೊದಲು ಕೋಯಿಕ್ಕೋಡ್ ಮತ್ತು ಕಣ್ಣೂರು ಜಿಲ್ಲೆಗಳಲ್ಲಿ ಹಂಚಿತ್ತು.
• ಹೊಸೂರು: 1965ರವರೆಗೆ ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ ಜಿಲ್ಲೆ.
• ತಾಳವಾಡಿ: 1979ರವರೆಗೆ ಕೊಯಮತ್ತೂರು, ಆಮೇಲೆ ಪೆರಿಯಾರ್ ಜಿಲ್ಲೆ, ಅದೇ ಈಗಿನ ಈರೋಡ್.
• ನೀಲಗಿರಿ: ಜಿಲ್ಲೆ ಬದಲಾಗಿಲ್ಲ. ಊಟಿಯ ಹೆಸರು ಊಟಕಮಂಡ್ ಎಂದಿರುತ್ತದೆ.
• ಸೊಲ್ಲಾಪುರ, ಅಕ್ಕಲಕೋಟೆ: ಸೊಲ್ಲಾಪುರ ಜಿಲ್ಲೆಯೇ. ಇಂಗ್ಲಿಷ್ ಕಾಗದಗಳಲ್ಲಿ ಶೋಲಾಪುರ್ ಎಂಬ ಹಳೆಯ ಕಾಗುಣಿತ ಇರುತ್ತದೆ.
• ಜತ್ತ: ಸಾಂಗ್ಲಿ ಜಿಲ್ಲೆ.
• ಆದೋನಿ: ಕರ್ನೂಲು ಜಿಲ್ಲೆ. ರಾಯದುರ್ಗ: ಅನಂತಪುರ ಜಿಲ್ಲೆ.
• ಮಡಕಶಿರಾ: 2022ರವರೆಗೆ ಅನಂತಪುರ, ಈಗ ಶ್ರೀ ಸತ್ಯಸಾಯಿ ಜಿಲ್ಲೆ.
• ನಾರಾಯಣಪೇಟೆ: 2019ರವರೆಗೆ ಮಹಬೂಬ್‌ನಗರ ಜಿಲ್ಲೆ. ಜಹೀರಾಬಾದ್: 2016ರವರೆಗೆ ಮೇದಕ್, ಈಗ ಸಂಗಾರೆಡ್ಡಿ. 2014ಕ್ಕೆ ಮೊದಲಿನ ಕಾಗದಗಳಲ್ಲಿ ರಾಜ್ಯ ಆಂಧ್ರಪ್ರದೇಶ ಎಂದೇ ಇರುತ್ತದೆ.
• ಗೋವಾ: 1987ರ ಮೇ 30ಕ್ಕೆ ಮೊದಲು ಗೋವಾ, ದಮನ್ ಮತ್ತು ದಿಯು ಕೇಂದ್ರಾಡಳಿತ ಪ್ರದೇಶ.

ಇನ್ನೊಂದು ವಿಷಯ. ಮಗು ಹುಟ್ಟಿದ ಊರು, ಬೆಳೆದ ಶಿಶುಗೃಹದ ಊರು, ಆದೇಶ ಕೊಟ್ಟ ನ್ಯಾಯಾಲಯದ ಊರು ಮೂರೂ ಬೇರೆ ಬೇರೆ ರಾಜ್ಯದಲ್ಲಿರಬಹುದು. ನ್ಯಾಯಾಲಯದ ಕಡತ ಹುಡುಕಬೇಕಾದದ್ದು ಆದೇಶ ಕೊಟ್ಟ ನ್ಯಾಯಾಲಯದ ಊರಿನಲ್ಲಿ. ಹಾಗೆಯೇ ಸೊಲ್ಲಾಪುರದಲ್ಲಿ ಹುಟ್ಟಿತು ಎಂದ ಮಾತ್ರಕ್ಕೆ ಮರಾಠಿ ಮಗು ಎಂದಾಗಲಿ, ಕಾಸರಗೋಡು ಎಂದ ಮಾತ್ರಕ್ಕೆ ಮಲಯಾಳಿ ಮಗು ಎಂದಾಗಲಿ ಹೇಳಲಾಗದು. ನಮ್ಮ ಮಗು ಎಂದೂ ನಾವು ಹಕ್ಕಿನಿಂದ ಹೇಳಬಾರದು. ಬಂದವರು ಕನ್ನಡ ಕಲಿಯಲು ಬಯಸಿದರೆ ಕಲಿಸೋಣ, ಅಷ್ಟೇ.

ಓಸಿಐ ಇದ್ದರೆ ಏನು ಮಾಡಬಹುದು, ಏನು ಮಾಡಬಾರದು

ಖಾಸಗಿ ಸಂಸ್ಥೆಯಲ್ಲಿ ನೌಕರಿ, ಸ್ವಂತ ವ್ಯಾಪಾರ ಎಲ್ಲಕ್ಕೂ ಅವಕಾಶವಿದೆ. ವೈದ್ಯರು, ದಂತವೈದ್ಯರು, ದಾದಿಯರು, ಔಷಧ ತಜ್ಞರು, ವಕೀಲರು, ವಾಸ್ತುಶಿಲ್ಪಿಗಳು, ಲೆಕ್ಕಪರಿಶೋಧಕರು ಆಯಾ ಕಾಯ್ದೆಯಂತೆ ಅರ್ಹತೆ ಮತ್ತು ನೋಂದಣಿ ಪಡೆದು ವೃತ್ತಿ ಮಾಡಬಹುದು. ಮನೆ, ಅಂಗಡಿ ಕೊಳ್ಳಬಹುದು. ದೇಶದೊಳಗಿನ ವಿಮಾನ ದರ, ಸ್ಮಾರಕಗಳ ಪ್ರವೇಶ ಶುಲ್ಕ ಭಾರತೀಯರಷ್ಟೇ.

ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ವಯನಾಡಿನ ಕಾಫಿ ತೋಟ, ನೀಲಗಿರಿಯ ಚಹಾ ತೋಟ, ಅಕ್ಕಲಕೋಟೆಯ ತೊಗರಿ ಹೊಲ ಯಾವುದೂ ಆಗದು. ಸದಸ್ಯರಲ್ಲಿ ಯಾರಾದರೂ ಜಮೀನು ಮಾರುವ ಉತ್ಸಾಹದಲ್ಲಿದ್ದರೆ ಇದನ್ನು ನೆನಪಿಡಬೇಕು.

ಮತದಾನವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರ, ಪರ್ವತಾರೋಹಣ, ವಿದೇಶಿ ದೂತಾವಾಸಗಳಲ್ಲಿ ತರಬೇತಿ ಮತ್ತು ನಿರ್ಬಂಧಿತ ಪ್ರದೇಶಗಳಿಗೆ ಹೋಗಲು ವಿಶೇಷ ಅನುಮತಿ ಬೇಕು. ದತ್ತು ಹೋದವರಲ್ಲಿ ತಮ್ಮ ಕಥೆಯನ್ನೇ ಸಾಕ್ಷ್ಯಚಿತ್ರ ಮಾಡಲು, ವಿಶ್ವವಿದ್ಯಾಲಯಕ್ಕಾಗಿ ಅಧ್ಯಯನ ಮಾಡಲು ಬರುವವರಿದ್ದಾರೆ. ಅವರು ಮೊದಲೇ ಅನುಮತಿ ಪಡೆದಿರಬೇಕು.

ಬಂದ ಮೇಲೆ

ಓಸಿಐ ಇದ್ದವರು ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿಲ್ಲ. 180 ದಿನಗಳಿಗಿಂತ ಹೆಚ್ಚಿನ ಅವಧಿಯ ಉದ್ಯೋಗ ವೀಸಾದಂಥವುಗಳಲ್ಲಿ ಬಂದವರು ಸಾಮಾನ್ಯವಾಗಿ ಬಂದ 14 ದಿನಗಳೊಳಗೆ ನೋಂದಾಯಿಸಬೇಕು. ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ ದೊಡ್ಡ ನಗರಗಳಲ್ಲಿದೆ. ಉಳಿದ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ಮುಖ್ಯಸ್ಥರೇ ನೋಂದಣಿ ಅಧಿಕಾರಿ. ಕೆಲಸ ಗಡಿಯ ಆಚೆ, ಮನೆ ಗಡಿಯ ಈಚೆ ಇದ್ದರೆ ಮನೆ ಇರುವ ಜಿಲ್ಲೆಯ ಕಚೇರಿಯನ್ನೇ ನೋಡಬೇಕು.

ವಿದೇಶಿ ಪಾಸ್‌ಪೋರ್ಟಿನವರನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಗಳೊಳಗೆ ನಿಗದಿತ ಫಾರಂ ತುಂಬಿ ತಿಳಿಸಬೇಕು. ಹೋಟೆಲಿಗೆ ಮಾತ್ರ ಈ ನಿಯಮ ಎಂದು ಅನೇಕರು ತಿಳಿದಿದ್ದಾರೆ. ಮನೆಗೂ ಇದೆ. ಆನ್‌ಲೈನಿನಲ್ಲೇ ತುಂಬಬಹುದು.

ಸಂಬಳಕ್ಕೆ ಪ್ಯಾನ್ ಕಾರ್ಡು ಬೇಕು. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದವರು ಆಧಾರ್ ಪಡೆಯಬಹುದು. ಭವಿಷ್ಯ ನಿಧಿಯ ಲೆಕ್ಕದಲ್ಲಿ ವಿದೇಶಿ ಪಾಸ್‌ಪೋರ್ಟಿನವರು ಅಂತರರಾಷ್ಟ್ರೀಯ ಕಾರ್ಮಿಕರು, 15,000 ರೂಪಾಯಿಯ ಮಿತಿ ಅವರಿಗಿಲ್ಲ, ಪೂರ್ತಿ ಸಂಬಳದ ಮೇಲೆ ಕಡಿತ ಎಂಬುದು ಯೋಜನೆಯ ನಿಯಮ. ಕರ್ನಾಟಕ ಹೈಕೋರ್ಟು 2024ರ ಏಪ್ರಿಲ್‌ನಲ್ಲಿ ಇದನ್ನು ಅಸಿಂಧುಗೊಳಿಸಿತು. ಆದ್ದರಿಂದ ಕೆಲಸ ಯಾವ ರಾಜ್ಯದಲ್ಲಿ, ಕಂಪನಿ ಯಾವ ಕ್ರಮ ಅನುಸರಿಸುತ್ತಿದೆ ಎಂದು ನೇಮಕಕ್ಕೆ ಮೊದಲೇ ಕೇಳಿಕೊಳ್ಳುವುದು ಜಾಣತನ.

20 ವರ್ಷ ತುಂಬಿದ ಮೇಲೆ ಓಸಿಐ ಪಡೆದವರು ಪ್ರತಿ ಹೊಸ ಪಾಸ್‌ಪೋರ್ಟಿಗೂ ಹೊಸ ಕಾರ್ಡು ಮಾಡಿಸಬೇಕಾಗಿಲ್ಲ. 50 ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಒಮ್ಮೆ ಅದರ ಪ್ರತಿ ಮತ್ತು ಫೋಟೋ ಜಾಲತಾಣಕ್ಕೆ ಏರಿಸಿದರೆ ಸಾಕು.

ಮತ್ತೆ ಭಾರತದ ಪ್ರಜೆಯಾಗಬಹುದೇ?

ಆಗಬಹುದು. ಓಸಿಐ ಆಗಿ 5 ವರ್ಷ ಕಳೆದು, ಅರ್ಜಿಗೆ ಹಿಂದಿನ 12 ತಿಂಗಳು ಇಲ್ಲಿ ವಾಸವಿದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ನಮ್ಮ ಸಂವಿಧಾನ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಬೆಳೆದ ದೇಶದ ಪೌರತ್ವ ಬಿಡಬೇಕಾಗುತ್ತದೆ. ಸಾಕಿದವರು ವೃದ್ಧರಾಗಿ ಅಲ್ಲಿರುವಾಗ ಅದು ಸಣ್ಣ ನಿರ್ಧಾರವಲ್ಲ.

ಹೋಲಿಕೆಗೆ ಒಂದು ಮಾತು. ದಕ್ಷಿಣ ಕೊರಿಯಾ ದೇಶವೂ ಅಪಾರ ಸಂಖ್ಯೆಯ ಮಕ್ಕಳನ್ನು ಹೊರದೇಶಗಳಿಗೆ ದತ್ತು ಕಳಿಸಿತ್ತು. ಅಲ್ಲಿ 1999ರ ಕಾಯ್ದೆಯಡಿ ದತ್ತು ಹೋದವರೂ ಸೇರಿ ವಿದೇಶದಲ್ಲಿರುವ ಕೊರಿಯನ್ ಮೂಲದವರಿಗೆ ಎಫ್-4 ಎಂಬ ವೀಸಾ ಇದೆ. ಅದರಲ್ಲಿ ನೆಲೆಸಿ ದುಡಿಯಬಹುದು. 2011ರಿಂದ ದತ್ತು ಹೋದವರು ಬೆಳೆದ ದೇಶದ ಪೌರತ್ವ ಬಿಡದೆಯೇ ಕೊರಿಯಾದ ಪೌರತ್ವ ಮರಳಿ ಪಡೆಯಲು ಅವಕಾಶವಾಯಿತು. ದುಡಿಯುವ ಹಕ್ಕಿನಲ್ಲಿ ನಮ್ಮ ಓಸಿಐ ಅದಕ್ಕೆ ಹತ್ತಿರವಿದೆ. ಪೌರತ್ವದಲ್ಲಿ ಇಲ್ಲ.

ಮೂಲ ಹುಡುಕುವುದು ಬೇರೆ ಕೆಲಸ

ಹೆತ್ತವರನ್ನು ಹುಡುಕಲು ದತ್ತು ನಿಯಮಾವಳಿಯಲ್ಲಿ ಮೂಲ ಶೋಧ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. 18 ತುಂಬಿದವರು ತಾವೇ, ಕಿರಿಯರು ದತ್ತು ತಂದೆ ತಾಯಿಯ ಜತೆ ಸೇರಿ ಕಾರಾಕ್ಕೆ ಕೇಳಿಕೊಳ್ಳಬೇಕು. ಮೂರನೆಯವರು ಹುಡುಕುವುದನ್ನು ನಿಯಮ ಒಪ್ಪುವುದಿಲ್ಲ. ಹೆತ್ತವರ ಖಾಸಗಿತನಕ್ಕೆ ಧಕ್ಕೆ ಬರಬಾರದು ಎಂದೂ ಅದು ಹೇಳುತ್ತದೆ.

ಇಲ್ಲಿ ಸದಸ್ಯರಿಗೆ ನಮ್ಮ ವಿನಂತಿ ಇದೆ. ನಮ್ಮದು ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಸಣ್ಣ ಊರುಗಳು. ಯಾರೋ ಕೇಳಿದರೆಂದು ಹಳೆಯ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಬಾರದು. ಬೀದಿಯಲ್ಲಿ ನಿಂತು ವಿಚಾರಿಸಬಾರದು. ನಲವತ್ತು ವರ್ಷದ ಹಿಂದೆ ಮಗುವನ್ನು ಬಿಟ್ಟುಕೊಟ್ಟ ಹೆಣ್ಣು ಮಗಳು ಇಂದು ಇದೇ ಊರಿನಲ್ಲಿ ಯಾರದೋ ಅತ್ತೆ, ಯಾರದೋ ಅಜ್ಜಿ ಆಗಿರಬಹುದು. ಮನೆಯವರಿಗೆ ಆಕೆ ಅದನ್ನು ಹೇಳಿರದೆ ಇರಬಹುದು. ಒಬ್ಬರಿಗೆ ಉಪಕಾರ ಮಾಡಲು ಹೋಗಿ ಇನ್ನೊಬ್ಬರ ಬಾಳು ಕೆಡಿಸಬಾರದು. ಕೆಲಸಕ್ಕೆ ಬರುವ ಹಕ್ಕು ಈ ಹುಡುಕಾಟವನ್ನು ಅವಲಂಬಿಸಿಲ್ಲ ಎಂಬುದು ಇಬ್ಬರಿಗೂ ಒಳ್ಳೆಯದು. ಮೊದಲು ಬರಲಿ, ನೆಲೆಸಲಿ, ದುಡಿಯಲಿ. ಉಳಿದದ್ದನ್ನು ಅವಸರವಿಲ್ಲದೆ, ಸರಿಯಾದ ದಾರಿಯಲ್ಲಿ ಕೇಳಬಹುದು.

ನೆನಪಿಡಬೇಕಾದ ಕ್ರಮ

1. ಈಗಿನ ಪೌರತ್ವ ಖಚಿತಪಡಿಸಿಕೊಳ್ಳಿ.
2. ಹಳೆಯ ಭಾರತೀಯ ಪಾಸ್‌ಪೋರ್ಟ್ ಹುಡುಕಿ. ಎಸೆಯಬೇಡಿ, ಯಾವ ದಲ್ಲಾಳಿಯ ಕೈಗೂ ಮೂಲ ಪ್ರತಿ ಕೊಡಬೇಡಿ.
3. ಹೆಸರಿನಿಂದ ಹೆಸರಿಗೆ ಕೊಂಡಿ ಸರಿಯಾಗಿದೆಯೇ ನೋಡಿ.
4. ದೂತಾವಾಸದಲ್ಲಿ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಪ್ರಮಾಣಪತ್ರ ಪಡೆಯಿರಿ. ಮೊದಲು ಪ್ರತಿ ಪುಟದ ನಕಲು ಇಟ್ಟುಕೊಳ್ಳಿ.
5. ಓಸಿಐ ಅರ್ಜಿ ಹಾಕಿ. ಅದು ಬಂದ ಮೇಲೆ ಕೆಲಸದ ಮಾತು.
6. ಶುಲ್ಕ, ಸಂಬಳದ ಮಿತಿ ಕಾಲಕಾಲಕ್ಕೆ ಬದಲಾಗುತ್ತವೆ. ಅರ್ಜಿಯ ದಿನ ಗೃಹ ಸಚಿವಾಲಯದ ಜಾಲತಾಣ ನೋಡಿಯೇ ಮುಂದುವರಿಯಿರಿ.

ಕೊನೆಯದಾಗಿ ಒಂದು ಕೋರಿಕೆ. ಹಳೆಯ ನ್ಯಾಯಾಲಯದ ಕಾಗದ, ಆಸ್ಪತ್ರೆಯ ಚೀಟಿ, ತಹಶೀಲ್ದಾರರ ಕಚೇರಿಯ ಪ್ರಮಾಣಪತ್ರ ಓದಿ ಅರ್ಥ ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ನಮ್ಮ ಸದಸ್ಯರಲ್ಲಿ ನಿವೃತ್ತ ಗುಮಾಸ್ತರು, ಶಿರಸ್ತೇದಾರರು, ಶಿಕ್ಷಕರು ಅನೇಕರಿದ್ದಾರೆ. ಕನ್ನಡದ ಜತೆ ಮಲಯಾಳ, ತಮಿಳು, ಮರಾಠಿ, ತೆಲುಗು, ಉರ್ದು, ಕೊಂಕಣಿಯ ಹಳೆಯ ಕೈಬರಹ ಓದಬಲ್ಲವರು ತಮ್ಮ ಹೆಸರನ್ನು ಆಯಾ ಊರಿನ ಘಟಕದ ಮೂಲಕ ಕಾರ್ಯದರ್ಶಿಗೆ ತಿಳಿಸಬೇಕು. ಕಾಗದ ತಂದವರು ತಾವಾಗಿಯೇ ತೋರಿಸಿದಷ್ಟನ್ನು ಓದಿ ಹೇಳುವುದು ನಮ್ಮ ಕೆಲಸ, ಅದಕ್ಕಿಂತ ಮುಂದೆ ಹೋಗುವುದಿಲ್ಲ. ಇದಕ್ಕೆ ಸಂಘ ಯಾವ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ.

ಕಾರ್ಯದರ್ಶಿ